ವಿಂಡೋಸ್, ಲಿನಕ್ಸ್ ಒಂದೇ ನೆಟ್‌ವರ್ಕ್‌ನಲ್ಲಿ: ಈ ಹೊಂದಾಣಿಕೆ ಬಂದಿದ್ದು ಹೇಗೆ?

ವಿಂಡೋಸ್ ಸರ್ವರ್, ಲಿನಕ್ಸ್ ಸರ್ವರ್ ಎರಡೂ ಒಂದೇ ನೆಟ್‌ವರ್ಕ್ ಸ್ವಿಚ್‌ಗೆ ಸೇರಿವೆ. ಪಿಂಗ್ ಮಾಡಿದರೆ, ಅಂದರೆ ‘ಇದ್ದೀಯಾ?’ ಎಂದು ಒಂದು ಇನ್ನೊಂದನ್ನು ಕೇಳಿದರೆ, ಉತ್ತರ ಬರುತ್ತದೆ. ಆದರೆ ಇದರ ಫೋಲ್ಡರನ್ನು ಅದರಲ್ಲಿ ತೆರೆಯಲು ಹೋದರೆ ಅನುಮತಿ ಇಲ್ಲ ಎನ್ನುತ್ತದೆ. ಸರ್ವರ್ ನೋಡಿಕೊಳ್ಳುವವರಿಗೆಲ್ಲ ಗೊತ್ತಿರುವ ತಲೆನೋವು ಇದು. ಇದರ ಬೇರು 1980ರ ದಶಕದಲ್ಲಿದೆ.

ಆಗ ಪಿಂಗ್ ಆಗುವುದೇ ದೊಡ್ಡ ವಿಷಯ. ಒಂದೊಂದು ಕಂಪನಿಗೆ ಒಂದೊಂದು ಪ್ರೋಟೋಕಾಲ್, ಅಂದರೆ ಯಂತ್ರಗಳು ಮಾತಾಡುವ ನಿಯಮ: ನೊವೆಲ್‌ಗೆ ಐಪಿಎಕ್ಸ್, ಆಪಲ್‌ಗೆ ಆಪಲ್‌ಟಾಕ್, ಡಿಜಿಟಲ್ ಕಂಪನಿಗೆ ಡೆಕ್‌ನೆಟ್. ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. 1983ರ ಜನವರಿ 1ರಂದು ಇಂಟರ್ನೆಟ್‌ನ ಪೂರ್ವಜ ಅರ್ಪಾನೆಟ್ ಟಿಸಿಪಿ/ಐಪಿಗೆ ಬದಲಾಯಿತು. ಅದು ಎಲ್ಲರಿಗೂ ತೆರೆದ ಪ್ರೋಟೋಕಾಲ್. ಹಾಗಾಗಿ ನಿಧಾನಕ್ಕೆ ಉಳಿದವರೂ ಅದನ್ನೇ ಒಪ್ಪಿಕೊಂಡರು.

ಪ್ಯಾಕೆಟ್, ಅಂದರೆ ಡೇಟಾದ ತುಣುಕು, ತಲುಪುವುದು ಸುಲಭವಾಯಿತು. ಫೈಲ್ ಹಂಚಿಕೊಳ್ಳುವುದು ಆಗಲಿಲ್ಲ. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಕಡೆ, ಫೈಲ್ ಹಂಚಲು ಸನ್ ಕಂಪನಿಯ ಎನ್‌ಎಫ್‌ಎಸ್ 1984ರಲ್ಲಿ ಬಂತು. ಪಿಸಿ ಕಡೆ ಅದೇ ಕೆಲಸಕ್ಕೆ ಐಬಿಎಂನಲ್ಲಿ ಹುಟ್ಟಿ ಮೈಕ್ರೋಸಾಫ್ಟ್ ಬೆಳೆಸಿದ ಎಸ್‌ಎಂಬಿ ಇತ್ತು. ಹಳೆಯ ಎನ್‌ಎಫ್‌ಎಸ್ ಬಳಕೆದಾರರ ನಂಬರನ್ನು ನೋಡುತ್ತದೆ, ಅದನ್ನು ಸುಮ್ನೆ ನಂಬುತ್ತದೆ. ಒಂದು ಯಂತ್ರದಲ್ಲಿ 1001 ಒಬ್ಬರ ನಂಬರ್, ಇನ್ನೊಂದರಲ್ಲಿ ಬೇರೆಯವರದ್ದು ಆಗಿದ್ದರೆ ಇವರ ಫೈಲ್ ಅವರ ಕೈಗೆ ಹೋಗುತ್ತದೆ! ಎಸ್‌ಎಂಬಿ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಯಾರನ್ನು ಹೇಗೆ ನಂಬಬೇಕು ಅನ್ನುವುದರಲ್ಲೇ ಎರಡಕ್ಕೂ ಹೊಂದಾಣಿಕೆ ಇರಲಿಲ್ಲ.

ಸೇತುವೆ ಕಟ್ಟಿದ್ದು ಒಬ್ಬ ವಿದ್ಯಾರ್ಥಿ. 1991ರ ಕೊನೆಯಲ್ಲಿ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಆಂಡ್ರ್ಯೂ ಟ್ರಿಜೆಲ್‌ಗೆ ತಮ್ಮ ಡಾಸ್ ಪಿಸಿಯಿಂದ ಯುನಿಕ್ಸ್ ಸರ್ವರ್‌ನ ಡಿಸ್ಕ್ ಬಳಸಬೇಕಿತ್ತು. ಅವರು ನೆಟ್‌ವರ್ಕ್‌ನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು ಹಿಡಿದು ನೋಡಿದರು. ಏನು ಕೇಳಿದರೆ ಏನು ಉತ್ತರ ಬರುತ್ತದೆ ಎಂದು ಗಮನಿಸಿ, ಅದೇ ಉತ್ತರ ಕೊಡುವ ಪ್ರೋಗ್ರಾಂ ಬರೆದರು. ಯುನಿಕ್ಸ್ ಯಂತ್ರಕ್ಕೂ ಎಸ್‌ಎಂಬಿ ಮಾತು ಕಲಿಸಿದ ಆ ಪ್ರೋಗ್ರಾಂ ಮುಂದೆ ಸಾಂಬಾ ಆಯಿತು. ಇಷ್ಟು ತಾಳ್ಮೆಯ ಕೆಲಸಕ್ಕೆ ಸಿಗಬೇಕಾದ ಗೌರವ ಇನ್ನೂ ಪೂರ್ತಿ ಸಿಕ್ಕಿಲ್ಲ ಅನ್ನಿಸುತ್ತದೆ.

ವಿಂಡೋಸ್ 2000 ಬಂದಾಗ ಗಂಟು ಮತ್ತೆ ಬಿಗಿಯಾಯಿತು. ನೆಟ್‌ವರ್ಕ್‌ನ ಬಳಕೆದಾರರನ್ನೆಲ್ಲ ಒಂದೇ ಕಡೆ ನೋಡಿಕೊಳ್ಳುವ ಅದರ ಆಕ್ಟಿವ್ ಡೈರೆಕ್ಟರಿ ನಿಂತಿದ್ದು ಕರ್ಬೆರೋಸ್ (ಟಿಕೆಟ್ ಕೊಟ್ಟು ಗುರುತು ಖಚಿತಪಡಿಸುವ ಪದ್ಧತಿ), ಎಲ್‌ಡ್ಯಾಪ್ (ಬಳಕೆದಾರರ ಪಟ್ಟಿಯಲ್ಲಿ ಹುಡುಕುವ ಪ್ರೋಟೋಕಾಲ್), ಡಿಎನ್‌ಎಸ್ (ಯಂತ್ರದ ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ಮೇಲೆ. ಮೂರೂ ಎಲ್ಲರಿಗೂ ತೆರೆದವು, ಅಲ್ವಾ? ಆದರೆ ಕರ್ಬೆರೋಸ್ ಟಿಕೆಟ್‌ನೊಳಗೆ, ಬಳಕೆದಾರ ಯಾವ ಗುಂಪಿಗೆ ಸೇರಿದವರು ಎಂದು ಹೇಳಲು ಮೈಕ್ರೋಸಾಫ್ಟ್ ತನ್ನದೇ ಒಂದು ಭಾಗ ಸೇರಿಸಿತ್ತು. ಅದರ ವಿವರ ಮುಕ್ತವಾಗಿ ಸಿಗುತ್ತಿರಲಿಲ್ಲ. ಬೇರೆ ಸರ್ವರ್‌ಗಳು ಬಾಗಿಲವರೆಗೆ ಬಂದು ನಿಲ್ಲಬೇಕಾಯಿತು.

ವಿಷಯ ಯುರೋಪಿಯನ್ ಕಮಿಷನ್‌ವರೆಗೂ ಹೋಯಿತು. ಬೇರೆ ಸರ್ವರ್‌ಗಳು ಹೊಂದಿಕೊಳ್ಳಲು ಬೇಕಾದ ಮಾಹಿತಿಯನ್ನು ಮೈಕ್ರೋಸಾಫ್ಟ್ ಕೊಡಬೇಕು ಎಂದು ಅದು 2004ರಲ್ಲಿ ಆದೇಶಿಸಿತು. ಅದೇ ತೀರ್ಪಿನಲ್ಲಿ, ವಿಂಡೋಸ್ ಜೊತೆಗೇ ಮೀಡಿಯಾ ಪ್ಲೇಯರ್ ಸೇರಿಸಿ ಕೊಟ್ಟ ವಿಷಯವೂ ಸೇರಿ, 49.7 ಕೋಟಿ ಯೂರೋ ದಂಡ ಬಿತ್ತು. 2007ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಕೂಡ ಇದನ್ನು ಬಹುಪಾಲು ಎತ್ತಿಹಿಡಿಯಿತು. ಆ ಡಿಸೆಂಬರ್‌ನಲ್ಲಿ 10,000 ಯೂರೋ ಶುಲ್ಕಕ್ಕೆ ದಾಖಲೆಗಳು ಸಾಂಬಾ ತಂಡದ ಕೈಗೆ ಸಿಗುವ ಒಪ್ಪಂದವಾಯಿತು. 2012ರ ಡಿಸೆಂಬರ್‌ನಲ್ಲಿ ಸಾಂಬಾ 4 ಬಂತು. ಅಲ್ಲಿಂದ ಲಿನಕ್ಸ್ ಸರ್ವರ್ ತಾನೇ ಆಕ್ಟಿವ್ ಡೈರೆಕ್ಟರಿಯ ಡೊಮೇನ್ ಕಂಟ್ರೋಲರ್, ಅಂದರೆ ಲಾಗಿನ್‌ಗಳನ್ನು ಪರಿಶೀಲಿಸುವ ಮುಖ್ಯ ಸರ್ವರ್, ಆಗಬಹುದಾಯಿತು.

ಈಗ ಉಳಿದಿರುವವು ಚಿಕ್ಕ ಕಾಟಗಳು. ಲಿನಕ್ಸ್‌ನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೇರೆಯಾದರೆ ಅವು ಎರಡು ಫೈಲ್. ವಿಂಡೋಸ್‌ಗೆ ಸಾಮಾನ್ಯವಾಗಿ ಎರಡೂ ಒಂದೇ. ಇನ್ನು ಗಡಿಯಾರ. ಎರಡು ಯಂತ್ರಗಳ ಸಮಯದಲ್ಲಿ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ, ಸೆಟ್ಟಿಂಗ್ ಬದಲಿಸದ ಹೊರತು, ಕರ್ಬೆರೋಸ್ ಟಿಕೆಟ್ ಒಪ್ಪುವುದಿಲ್ಲ. ಪಾಸ್‌ವರ್ಡ್ ಸರಿಯಿದ್ದೂ ಲಾಗಿನ್ ಆಗದಿದ್ದರೆ ಮೊದಲು ಎರಡೂ ಸರ್ವರ್‌ಗಳ ಸಮಯ ನೋಡಿ, ಆಮೇಲೆ ಅವನ್ನು ಸರಿಯಾದ ಸಮಯ ತಿಳಿಸುವ ಒಂದೇ ಎನ್‌ಟಿಪಿ ಸರ್ವರ್‌ಗೆ ಜೋಡಿಸಿ.