ಸಂಗೀತ ಬರುತ್ತದೆ, ಗುಂಡಿನ ಸದ್ದು ಬರುವುದಿಲ್ಲ

ಕಳೆದ ಮಳೆಗಾಲದಲ್ಲಿ ಒಬ್ಬ ಯುವತಿ ತಂದೆಯ ಹಳೆಯ ಲ್ಯಾಪ್‌ಟಾಪ್ ತಂದು ನನ್ನ ಮೇಜಿನ ಮೇಲಿಟ್ಟರು. 1997ರ ಯಂತ್ರ, ಪೆಂಟಿಯಂ ಪ್ರೊಸೆಸರ್, 16 ಎಂಬಿ ಮೆಮೊರಿ. "ಅಪ್ಪ ಡೂಮ್ ಆಡುತ್ತಿದ್ದರು ಸರ್. ಆಟವನ್ನು ಅವರ ಹಳೆಯ ಡೆಸ್ಕ್‌ಟಾಪ್‌ನಿಂದ ಇದಕ್ಕೆ ಹಾಕಿಕೊಂಡೆ. ಹಿನ್ನೆಲೆ ಸಂಗೀತ ಕೇಳಿಸುತ್ತದೆ, ಆದರೆ ಬಾಗಿಲು ತೆರೆದರೂ ಸದ್ದಿಲ್ಲ, ಗುಂಡು ಹಾರಿಸಿದರೂ ಸದ್ದಿಲ್ಲ. ಸೌಂಡ್ ಚಿಪ್ ಹೋಗಿದೆ, ಬೋರ್ಡ್ ಬದಲಿಸಬೇಕು ಎಂದು ಒಂದು ಅಂಗಡಿಯಲ್ಲಿ ಹೇಳಿದರು" ಎಂದರು.

ಉತ್ತರ ಅವರ ಮಾತಿನಲ್ಲೇ ಇತ್ತು. ಸಂಗೀತ ಬರುತ್ತಿದೆ ಎಂದಮೇಲೆ ಚಿಪ್ ಬದುಕಿದೆ, ಆಂಪ್ಲಿಫೈಯರ್ ಬದುಕಿದೆ, ಸ್ಪೀಕರ್ ಬದುಕಿದೆ. ಅಂಥ ಯಂತ್ರಕ್ಕೆ ಬೆಸುಗೆ ಕಡ್ಡಿ ಹಿಡಿದು ಹೋಗುವುದು ತಪ್ಪು. ಹಳೆಯ ಲ್ಯಾಪ್‌ಟಾಪ್ ತರುವವರನ್ನೆಲ್ಲ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಸದ್ದು ಬರುತ್ತಿಲ್ಲ?

ವಿಂಡೋಸ್‌ಗೆ ಮೊದಲು ಕಂಪ್ಯೂಟರ್ ನಡೆಸುತ್ತಿದ್ದ ಡಾಸ್ ಎಂಬ ತಂತ್ರಾಂಶದ ಕಾಲದ ಆಟಗಳಲ್ಲಿ ಸದ್ದು ಮೂರು ಬೇರೆ ಬೇರೆ ದಾರಿಗಳಲ್ಲಿ ಬರುತ್ತದೆ. ಮೊದಲನೆಯದು 'ಬೀಪ್'. ಇದಕ್ಕೆ ಸೌಂಡ್ ಚಿಪ್ ಬೇಕಿಲ್ಲ, ಮದರ್‌ಬೋರ್ಡಿನ ಟೈಮರ್ ನೇರವಾಗಿ ಸ್ಪೀಕರನ್ನು ಮಿಡಿಯುತ್ತದೆ. ನಮ್ಮಲ್ಲಿ ಅನೇಕರು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಆಡಿದ ಡೇಂಜರಸ್ ಡೇವ್‌ಗೆ ಇದ್ದದ್ದು ಈ ಸದ್ದು ಮಾತ್ರ. ಡೇವ್‌ನಲ್ಲಿ ಬರೀ ಬೀಪ್ ಬರುತ್ತದೆ ಎಂದು ಚಿಂತಿಸಿ ಯಂತ್ರ ಹೊತ್ತು ತರುವವರಿದ್ದಾರೆ, ಅದು ದೋಷವಲ್ಲ. ಎರಡನೆಯದು ಸಂಗೀತ. 1987ರ ಆಡ್‌ಲಿಬ್ ಕಾರ್ಡಿನಲ್ಲಿದ್ದ ಯಮಾಹಾ ಚಿಪ್‌ನ ವಂಶ ಇದು. ಆಟ 388 ಎಂಬ ವಿಳಾಸಕ್ಕೆ ಅಂಕಿಗಳನ್ನು ಬರೆಯುತ್ತದೆ, ಚಿಪ್ ತಾನೇ ಸ್ವರ ಹುಟ್ಟಿಸುತ್ತದೆ. ಅಷ್ಟೇ, ಬೇರೆ ಯಾರ ಸಹಾಯವೂ ಬೇಡ.

ಮೂರನೆಯದು ರೆಕಾರ್ಡ್ ಮಾಡಿದ ಸದ್ದು: ಗುಂಡು, ಬಾಗಿಲು, ಮನುಷ್ಯನ ಕೂಗು. ಸಿಂಗಪುರದ ಕ್ರಿಯೇಟಿವ್ ಕಂಪನಿ 1989ರಲ್ಲಿ ತಂದ ಸೌಂಡ್ ಬ್ಲಾಸ್ಟರ್ ಇದನ್ನು ಮನೆಮನೆಗೆ ಮುಟ್ಟಿಸಿತು. ತಕರಾರುಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುವುದು, ಏಕೆಂದರೆ ಇದಕ್ಕೆ ವಿಳಾಸದ ಜೊತೆಗೆ ಡಿಎಂಎ ಮತ್ತು ಐಆರ್‌ಕ್ಯೂ ಎರಡೂ ಬೇಕು. ಡಿಎಂಎ ಎಂದರೆ ಮೂಟೆ ಹೊರುವ ಹಮಾಲ. ಸದ್ದಿನ ಮೂಟೆಯನ್ನು ಮೆಮೊರಿಯಿಂದ ಹೊತ್ತು ಚಿಪ್ಪಿಗೆ ಹಾಕುತ್ತಾನೆ. ಮೂಟೆ ಖಾಲಿಯಾಯಿತು, ಮುಂದಿನದು ಕೊಡಿ ಎಂಬ ಕೂಗು ಐಆರ್‌ಕ್ಯೂ. ಹಮಾಲನಿಗೂ ಕೂಗು ಕೇಳುವ ಬಾಗಿಲಿಗೂ ಒಂದೊಂದು ಅಂಕಿ ಇರುತ್ತದೆ. ಚಿಪ್ ಒಂದು ಬಾಗಿಲಲ್ಲಿ ಕೂಗುತ್ತಿದ್ದು, ಆಟ ಇನ್ನೊಂದು ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದರೆ ಎರಡನೆಯ ಮೂಟೆ ಹೊರಡುವುದೇ ಇಲ್ಲ. ಹೀಗಾದಾಗ ಕೆಲವು ಆಟಗಳು ಸದ್ದಿನ ಮೊದಲ ತುಣುಕನ್ನೇ ಕೆಟ್ಟ ಗ್ರಾಮಫೋನ್ ತಟ್ಟೆಯಂತೆ ಮತ್ತೆ ಮತ್ತೆ ನುಡಿಸುತ್ತವೆ, ಕೆಲವು ಸುಮ್ಮನಾಗುತ್ತವೆ. ತುಣುಕು ಮರುಕಳಿಸಿದರೆ ನಾನು ಮೊದಲು ನೋಡುವುದು ಐಆರ್‌ಕ್ಯೂ ಅಂಕಿಯನ್ನು. ಒಂದು ತುಣುಕೂ ಬಾರದೆ ಯಂತ್ರ ಸ್ತಬ್ಧವಾದರೆ ಡಿಎಂಎ ಅಂಕಿಯನ್ನು.

ಆ ಯುವತಿಯ ಯಂತ್ರಕ್ಕೆ ಮರಳುತ್ತೇನೆ. ಡೂಮ್ ಶುರುವಾಗುವಾಗ ಪರದೆಯ ಮೇಲೆ ಸಾಲುಗಳು ಸರಸರನೆ ಓಡುತ್ತವೆ. ಅವುಗಳ ನಡುವೆ, ಸೌಂಡ್ ಬ್ಲಾಸ್ಟರ್ ಉತ್ತರ ಕೊಡುತ್ತಿಲ್ಲ ಎಂಬ ಸಾಲೊಂದು ಮಿಂಚಿ ಹೋಯಿತು. ಆಟದ ಫೋಲ್ಡರಿನಲ್ಲಿ ಡಿಫಾಲ್ಟ್.ಸಿಎಫ್‌ಜಿ ಎಂಬ ಕಡತವಿದೆ, ಸಾದಾ ಎಡಿಟರಿನಲ್ಲೇ ತೆರೆಯುತ್ತದೆ. ಅದರಲ್ಲಿ ಪೋರ್ಟ್ (ಅಂದರೆ ಚಿಪ್‌ನ ವಿಳಾಸ) 544, ಐಆರ್‌ಕ್ಯೂ 7, ಡಿಎಂಎ 1 ಎಂದಿತ್ತು. 544 ನೋಡಿ ಗಾಬರಿಯಾಗಬೇಡಿ. ಸೌಂಡ್ ಬ್ಲಾಸ್ಟರಿನ ವಿಳಾಸವೆಂದು ಎಲ್ಲರೂ ಹೇಳುವ 220 ಹೆಕ್ಸಾಡೆಸಿಮಲ್, ಅಂದರೆ ಹದಿನಾರರ ಲೆಕ್ಕ. ಎರಡು 256, ಎರಡು 16 ಕೂಡಿದರೆ ನಮ್ಮ ದಶಮಾನ ಲೆಕ್ಕದಲ್ಲಿ 544. ಹಾಗಾಗಿ ಪೋರ್ಟ್ ಸರಿ. ಯಂತ್ರದ ಬಯಾಸ್, ಅಂದರೆ ಮೂಲ ಸೆಟ್ಟಿಂಗ್‌ಗಳ ಪರದೆ, ತೆರೆದು ನೋಡಿದೆ: ಸೌಂಡ್ ಚಿಪ್‌ಗೆ ಐಆರ್‌ಕ್ಯೂ 5, ಪ್ರಿಂಟರ್ ಪೋರ್ಟಿಗೆ 7. ಆಟ ಡೆಸ್ಕ್‌ಟಾಪ್‌ನಿಂದ ಬರುವಾಗ ಅಲ್ಲಿನ 7ನ್ನೂ ಹೊತ್ತುಕೊಂಡು ಬಂದಿತ್ತು. 7ನ್ನು ಅಳಿಸಿ 5 ಬರೆದೆ, ಆಟ ಶುರುಮಾಡಿದೆ, ಮೊದಲ ಬಾಗಿಲು ಗರಗರ ಎಂದು ಮೇಲೇರಿತು. ಅದನ್ನು ಕೇಳಿ ಆಕೆ ಕುರ್ಚಿಯಿಂದ ಎದ್ದು ನಿಂತರು.

ಇದೇ ಮಾಹಿತಿಯನ್ನು ಇತರ ಆಟಗಳಿಗೂ ತಿಳಿಸಲು, ಡಾಸ್ ಶುರುವಾಗುವಾಗ ತಾನೇ ಓದುವ ಆಟೋಎಕ್ಸೆಕ್.ಬ್ಯಾಟ್ ಕಡತದಲ್ಲಿ ಒಂದು ಸಾಲು ಇರಬೇಕು: ಸೆಟ್ ಬ್ಲಾಸ್ಟರ್=ಎ220 ಐ5 ಡಿ1 ಟಿ4. ಎ ವಿಳಾಸ, ಐ ಐಆರ್‌ಕ್ಯೂ, ಡಿ ಡಿಎಂಎ, ಟಿ ಕಾರ್ಡಿನ ಜಾತಿ. ಆ ಕೊನೆಯ ಟಿ4 ಕಡೆ ಗಮನವಿಡಿ. ಟಿ4 ಸೌಂಡ್ ಬ್ಲಾಸ್ಟರ್ ಪ್ರೊ, ಟಿ6 ಸೌಂಡ್ ಬ್ಲಾಸ್ಟರ್ 16. ಆಟದ ಸೆಟಪ್ ಪಟ್ಟಿಯಲ್ಲಿ 16 ಕಂಡ ಕೂಡಲೇ ಜನ ಅದನ್ನೇ ಆರಿಸುತ್ತಾರೆ, ದೊಡ್ಡ ಅಂಕಿ ಒಳ್ಳೆಯದು ಎಂಬ ನಂಬಿಕೆ. ಆದರೆ ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಹೇರಳವಾಗಿ ಸಿಗುವ ಇಎಸ್‌ಎಸ್ 1688, 1868ರಂಥ ಚಿಪ್‌ಗಳಿಗೆ ತಿಳಿದಿರುವುದು ಪ್ರೊ ಭಾಷೆ, 16ರ ಭಾಷೆಯಲ್ಲ. ಪಟ್ಟಿಯಲ್ಲಿ ಪ್ರೊ ಆರಿಸಿ, ಅದಿಲ್ಲದಿದ್ದರೆ ಸಾದಾ ಸೌಂಡ್ ಬ್ಲಾಸ್ಟರ್. ಈ ಒಂದು ಬದಲಾವಣೆಯಿಂದಲೇ ದನಿ ಬಂದ ಯಂತ್ರಗಳನ್ನು ನಾನು ಬಹಳ ನೋಡಿದ್ದೇನೆ.

ಸಂಗೀತವೂ ಇಲ್ಲ, ಗುಂಡಿನ ಸದ್ದೂ ಇಲ್ಲ, ಆದರೆ ವಿಂಡೋಸ್ 95ರಲ್ಲಿ ಎಲ್ಲವೂ ಕೇಳಿಸುತ್ತದೆ ಎಂದರೆ ಚಿಪ್ ನಿದ್ದೆಯಲ್ಲಿದೆ ಎಂದರ್ಥ. ಬಿಡಿಭಾಗಗಳಿಗೆ ವಿಳಾಸವನ್ನು ತಂತ್ರಾಂಶವೇ ಹಂಚುವ ಪ್ಲಗ್ ಅಂಡ್ ಪ್ಲೇ ಪದ್ಧತಿ ಬಂದಮೇಲೆ ಅನೇಕ ಚಿಪ್‌ಗಳು ಯಾವ ವಿಳಾಸವನ್ನೂ ಹಿಡಿಯದೆ ಏಳುತ್ತವೆ. ವಿಂಡೋಸ್ ಅವಕ್ಕೆ ಜಾಗ ತೋರಿಸುತ್ತದೆ, ಡಾಸ್ ತೋರಿಸುವುದಿಲ್ಲ. ಡಾಸ್‌ನಲ್ಲಿ ಆ ಕೆಲಸವನ್ನು ತಯಾರಕರು ಕೊಟ್ಟ ಸಣ್ಣ ಪ್ರೋಗ್ರಾಂ ಮಾಡಬೇಕು. ಅದು ಕಳೆದುಹೋಗಿದ್ದರೆ ಹವ್ಯಾಸಿಗಳು ಬರೆದ ಯೂನಿಸೌಂಡ್ ಇದೆ. ಇಎಸ್‌ಎಸ್, ಕ್ರಿಸ್ಟಲ್, ಯಮಾಹಾ ಮುಂತಾದ ಹಲವು ಚಿಪ್‌ಗಳನ್ನು ಅದು ಎಬ್ಬಿಸುತ್ತದೆ. ಎದ್ದ ಚಿಪ್‌ನ ಮಿಕ್ಸರ್, ಅಂದರೆ ದನಿಯ ಮಟ್ಟ ನಿಯಂತ್ರಿಸುವ ಭಾಗ, ಸೊನ್ನೆಯಲ್ಲಿರುವುದೂ ಉಂಟು, ದನಿಯನ್ನೂ ಏರಿಸಬೇಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬೀಪ್ ಕೂಡ ಇದೇ ಮಿಕ್ಸರ್ ಮೂಲಕ ಹಾದುಹೋಗುತ್ತದೆ. ಆದ್ದರಿಂದ ಬೀಪ್ ಇಲ್ಲ ಎಂದಾಕ್ಷಣ ಟೈಮರ್ ಕೆಟ್ಟಿದೆ ಎನ್ನಬೇಡಿ.

ಸಂಗೀತ ಮಾತ್ರ ಬಾರದಿದ್ದರೆ ವೇಗವನ್ನು ಅನುಮಾನಿಸಿ. ಆಡ್‌ಲಿಬ್ ಚಿಪ್‌ಗೆ ವಿಳಾಸ ಬರೆದ ಮೇಲೆ 3.3, ಅಂಕಿ ಬರೆದ ಮೇಲೆ 23 ಮೈಕ್ರೋಸೆಕೆಂಡು ಬಿಡುವು ಬೇಕಿತ್ತು. ಹಳೆಯ ಕೆಲವು ಆಟಗಳು ಈ ಬಿಡುವನ್ನು ಖಾಲಿ ಎಣಿಕೆಯಿಂದ ಅಳೆಯುತ್ತವೆ. ಪೆಂಟಿಯಂ ಆ ಎಣಿಕೆಯನ್ನು ಕಣ್ಣುಮಿಟುಕಿಸುವ ಮೊದಲೇ ಮುಗಿಸಿ ಚಿಪ್ ಇಲ್ಲವೆಂದು ತೀರ್ಮಾನಿಸುತ್ತದೆ. ಬಯಾಸ್‌ನಲ್ಲಿ ಪ್ರೊಸೆಸರಿಗೆ ವೇಗ ಕೊಡುವ ಕ್ಯಾಶೆಯನ್ನು ಆಫ್ ಮಾಡಿ ನೋಡಿ.

ಇಷ್ಟು ನೋಡಿದ ಮೇಲೆಯೇ ಸ್ಕ್ರೂಡ್ರೈವರ್. ಹೆಡ್‌ಫೋನಿನಲ್ಲಿ ಸದ್ದಿದ್ದು ಒಳಗಿನ ಸ್ಪೀಕರಿನಲ್ಲಿ ಇಲ್ಲದಿದ್ದರೆ ತಪ್ಪು ಬಹುತೇಕ ಜ್ಯಾಕಿನದು. ಅದರೊಳಗೆ ಒಂದು ಪುಟ್ಟ ಲೋಹದ ಎಲೆ ಇರುತ್ತದೆ. ಪಿನ್ ತೂರಿದಾಗ ಎಲೆ ಸರಿದು ಸ್ಪೀಕರ್ ನಿಲ್ಲುತ್ತದೆ, ತೆಗೆದಾಗ ಮರಳಿ ಕೂಡುತ್ತದೆ. ವರ್ಷಗಟ್ಟಲೆ ತೇವದಲ್ಲಿ ಕೂತ ಎಲೆಗೆ ಕಪ್ಪು ಹಿಡಿದು, ಪಿನ್ ಇಲ್ಲದಿದ್ದರೂ ಇದ್ದಂತೆ ಅದು ವರ್ತಿಸುತ್ತದೆ. ಪಿನ್ನಿಗೆ ಕಾಂಟ್ಯಾಕ್ಟ್ ಕ್ಲೀನರ್ ಸವರಿ ಇಪ್ಪತ್ತು ಸಲ ಹಾಕಿ ತೆಗೆಯಿರಿ, ಒಣಗಲು ಬಿಡಿ. ಬದಿಯ ದನಿ ಚಕ್ರ ಕರಕರ ಎನ್ನುತ್ತಿದ್ದರೆ ಅದಕ್ಕೂ ಇದೇ ಮದ್ದು. ತುಕ್ಕು ಬಿಡಿಸುವ ಎಣ್ಣೆಯನ್ನು ದಯವಿಟ್ಟು ಹಾಕಬೇಡಿ, ಅದರ ಪೊರೆ ಮೇಲೆ ಧೂಳು ಕೂತು ತಿಂಗಳೊಳಗೆ ಮೊದಲಿಗಿಂತ ಹಾಳಾಗುತ್ತದೆ. 1990ರ ದಶಕದ ಆರಂಭದ ಯಂತ್ರದಲ್ಲಿ ಸದ್ದು ದಿನದಿನಕ್ಕೆ ಕ್ಷೀಣವಾಗುತ್ತಿದ್ದರೆ ಕೆಪಾಸಿಟರ್ ಸೋರುತ್ತಿರಬಹುದು. ಬೆಸುಗೆ ಕಡ್ಡಿ ತಾಗಿಸಿದಾಗ ಮೀನಿನ ವಾಸನೆ ಬಂದರೆ ಅನುಮಾನ ಬೇಡ. ಅದನ್ನು ಬದಲಿಸುವುದು ಅನುಭವಿಗಳ ಕೆಲಸ, ತಡಮಾಡಿದರೆ ಸೋರಿದ ದ್ರವ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ.

2000ದ ನಂತರದ ಲ್ಯಾಪ್‌ಟಾಪ್‌ಗಳ ಕಥೆ ಬೇರೆ. ಅವುಗಳ ಸೌಂಡ್ ಚಿಪ್ ಕೂತಿರುವ ದಾರಿಯಲ್ಲಿ ಹಳೆಯ ಡಿಎಂಎ ಹಮಾಲನೇ ಇಲ್ಲ. ಅಲ್ಲಿ ಎಸ್‌ಬಿಎಮು ಎಂಬ ಉಚಿತ ತಂತ್ರಾಂಶ ಡಾಸ್‌ನಲ್ಲೇ ಸೌಂಡ್ ಬ್ಲಾಸ್ಟರಿನ ವೇಷ ಹಾಕುತ್ತದೆ. ಎಲ್ಲ ಆಟಗಳೊಂದಿಗೂ ಹೊಂದುವುದಿಲ್ಲ, ಹೊಂದಿದಾಗ ಚೆನ್ನಾಗಿ ಕೇಳಿಸುತ್ತದೆ.

ಇನ್ನೊಂದು ಮಾತನ್ನು ಕಳಕಳಿಯಿಂದ ಹೇಳುತ್ತೇನೆ. ಹಳೆಯ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಮೊದಲು ಅದರಲ್ಲಿರುವ ಸೌಂಡ್ ಡ್ರೈವರ್ ಫೋಲ್ಡರು, ಆಟೋಎಕ್ಸೆಕ್.ಬ್ಯಾಟ್, ಕಾನ್ಫಿಗ್.ಸಿಸ್ ಇವಿಷ್ಟನ್ನು ನಕಲು ಮಾಡಿ ಬೇರೆಡೆ ಇಡಿ. ಆ ಮಾದರಿಗೆಂದೇ ಬರೆದ ಪ್ರೋಗ್ರಾಂ ಅನೇಕ ಸಲ ಆ ಡಿಸ್ಕಿನಲ್ಲಿ ಮಾತ್ರ ಉಳಿದಿರುತ್ತದೆ.