ಪೊಲೀಸರಿಲ್ಲದ ಕಾಲದಲ್ಲಿ ಕಳ್ಳನನ್ನು ಹಿಡಿಯುವವರು ಯಾರು? ಮಧ್ಯಯುಗದ ಇಂಗ್ಲೆಂಡಿನ ಅಪರಾಧ ಮತ್ತು ಶಿಕ್ಷೆಯ ಟಿಪ್ಪಣಿ

ಈ ಪಾಠ ಓದಲು ಕೂರುವ ಮುನ್ನ ಪೊಲೀಸ್ ಠಾಣೆಯ ಚಿತ್ರವನ್ನು ಮನಸ್ಸಿನಿಂದ ಅಳಿಸಿಬಿಡಿ. 13 ಮತ್ತು 14ನೇ ಶತಮಾನದ ಇಂಗ್ಲೆಂಡಿನಲ್ಲಿ ಸಂಬಳ ಪಡೆದು ಕಳ್ಳರನ್ನು ಹಿಡಿಯುವ ಪಡೆ ಇರಲಿಲ್ಲ. ಪ್ರತಿ ಕೌಂಟಿಗೆ, ಅಂದರೆ ಜಿಲ್ಲೆಗೆ, ರಾಜನ ಪರವಾಗಿ ಒಬ್ಬ ಶೆರಿಫ್ ಇದ್ದ, ಅಷ್ಟೇ. ಹಿಡಿಯುವ ಕೆಲಸ ಊರಿನವರದು.

ದೇಶದ ಬಹುಭಾಗದಲ್ಲಿ ಹನ್ನೆರಡು ವರ್ಷ ತುಂಬಿದ ಹಳ್ಳಿಯ ಗಂಡಸರು ಸುಮಾರು ಹತ್ತು ಜನರ ಒಂದು ಗುಂಪಿಗೆ ಸೇರಬೇಕಿತ್ತು. ಅದೇ ಟೈಥಿಂಗ್. ಇದನ್ನು ಪರಸ್ಪರ ಜಾಮೀನು ಎಂದು ನೆನಪಿಟ್ಟುಕೊಂಡರೆ ಸಾಕು. ಒಬ್ಬ ತಪ್ಪು ಮಾಡಿ ಓಡಿಹೋದರೆ ಉಳಿದವರು ಅವನನ್ನು ತಂದೊಪ್ಪಿಸಬೇಕು, ಇಲ್ಲವೇ ದಂಡ ತೆರಬೇಕು. ಕಳವೋ ಕೊಲೆಯೋ ಕಣ್ಣಿಗೆ ಬಿದ್ದವರು ಗಟ್ಟಿಯಾಗಿ ಕೂಗಿಕೊಳ್ಳಬೇಕು. ಕೇಳಿಸಿಕೊಂಡವರೆಲ್ಲ ಕೈಲಿದ್ದ ಕೆಲಸ ಬಿಟ್ಟು ಓಡಿಬರಬೇಕು. ಇದಕ್ಕೆ ಹ್ಯೂ ಅಂಡ್ ಕ್ರೈ ಎಂದು ಹೆಸರು. ಕೂಗಿಗೆ ಓಗೊಡದವರಿಗೂ ದಂಡವಿತ್ತು.

1285ರ ವಿಂಚೆಸ್ಟರ್ ಶಾಸನ ಈ ಹಳೆಯ ಪದ್ಧತಿಯನ್ನು ಬಿಗಿಗೊಳಿಸಿತು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಕೋಟೆಪಟ್ಟಣಗಳ ಬಾಗಿಲು ಮುಚ್ಚಬೇಕು, ರಾತ್ರಿ ಕಾವಲಿರಬೇಕು. ಒಂದು ವಿವರವಂತೂ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದೆ: ಸಂತೆಪಟ್ಟಣಗಳ ನಡುವಿನ ಹೆದ್ದಾರಿಯ ಎರಡೂ ಬದಿ 200 ಅಡಿಯಷ್ಟು ಪೊದೆಗಳನ್ನು ಸವರಿ, ಕಳ್ಳ ಅಡಗಿ ಕೂರಲು ಎಡೆಯಿಲ್ಲದಂತೆ ಮಾಡಬೇಕು. ಓಕ್ ಮರಗಳನ್ನೂ ಇತರ ದೊಡ್ಡ ಮರಗಳನ್ನೂ ಮಾತ್ರ ಕಡಿಯಬೇಕಿರಲಿಲ್ಲ.

ಅಸಹಜ ಸಾವುಗಳ ಮಹಜರು ಕರೋನರ್‌ನ ಕೆಲಸ. 1194ರಲ್ಲಿ ಹುಟ್ಟಿದ ಈ ಹುದ್ದೆಗೆ ರಾಜನ ಬೊಕ್ಕಸಕ್ಕೆ ಬರಬೇಕಾದುದನ್ನು ಕಾಯುವ ಹೊಣೆಯೂ ಇತ್ತು. ಘೋರ ಅಪರಾಧ ಸಾಬೀತಾದರೆ ಅಪರಾಧಿಯ ಚರಾಸ್ತಿ ರಾಜನಿಗೆ ಮುಟ್ಟುಗೋಲಾಗುತ್ತಿತ್ತು. ಈ ಮಾತು ಮುಂದೆ ಬೇಕಾಗುತ್ತದೆ, ಮರೆಯಬೇಡಿ.

ಮೊದಲು ಸತ್ಯ ತಿಳಿಯಲು ದೇವರನ್ನೇ ಕೇಳುತ್ತಿದ್ದರು. ಆರೋಪಿ ಕಾದ ಕಬ್ಬಿಣ ಹಿಡಿಯಬೇಕಿತ್ತು, ಇಲ್ಲವೇ ಅವನನ್ನು ನೀರಿಗಿಳಿಸುತ್ತಿದ್ದರು. 1215ರಲ್ಲಿ ಚರ್ಚ್ ತನ್ನ ಪಾದ್ರಿಗಳು ಈ ದಿವ್ಯಪರೀಕ್ಷೆಗಳಲ್ಲಿ ಪಾಲ್ಗೊಳ್ಳುವುದನ್ನು ನಿಷೇಧಿಸಿತು. 1219ರಲ್ಲಿ ರಾಜನ ನ್ಯಾಯಾಧೀಶರೂ ಅವನ್ನು ಕೈಬಿಟ್ಟರು. ತೀರ್ಪು ಹನ್ನೆರಡು ಜನ ಜ್ಯೂರಿಗಳ, ಅಂದರೆ ಪ್ರಮಾಣ ಮಾಡಿ ತೀರ್ಪು ಹೇಳುವ ಊರಿನವರ, ಕೈಗೆ ಬಂತು. ಆದರೆ ಜ್ಯೂರಿಯ ಮುಂದೆ ವಿಚಾರಣೆಗೆ ಆರೋಪಿಯ ಒಪ್ಪಿಗೆ ಬೇಕಿತ್ತು. ಒಪ್ಪದವನನ್ನು ಕಠಿಣ ಸೆರೆಯಲ್ಲಿಡಲು 1275ರ ಶಾಸನ ಹೇಳಿತು. ಕಾಲ ಕಳೆದಂತೆ ಅದು ಎದೆಯ ಮೇಲೆ ಭಾರ ಹೇರಿ ಹಿಂಡುವ ಹಿಂಸೆಯಾಯಿತು. ಅದನ್ನು ಸಹಿಸಿ ಸತ್ತವರೂ ಇದ್ದಾರೆ. ಏಕೆ? ಅಪರಾಧ ಸಾಬೀತಾಗದೆ ಸತ್ತರೆ ಆಸ್ತಿ ಮುಟ್ಟುಗೋಲಾಗುವುದಿಲ್ಲ, ಹೆಂಡತಿ ಮಕ್ಕಳಿಗೆ ಉಳಿಯುತ್ತದೆ. ಈ ಸಾಲನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈಗ ಪಾಠದ ತಿರುಳು. ಕೊಲೆ, ದರೋಡೆ, 12 ಪೆನ್ಸ್ ಮೀರಿದ ಕಳವು, ಎಲ್ಲಕ್ಕೂ ನೇಣು. ಇದನ್ನು ಓದಿ ‘ಕಳ್ಳರೆಲ್ಲ ನೇಣಿಗೇರಿದರು’ ಎಂದು ಉತ್ತರ ಬರೆದರೆ ತಪ್ಪಾಗುತ್ತದೆ. ನ್ಯಾಯಾಲಯದ ದಾಖಲೆಗಳನ್ನು ನೋಡಿದರೆ ವಿಚಾರಣೆಗೆ ನಿಂತವರಲ್ಲಿ ಹೆಚ್ಚಿನವರು ಖುಲಾಸೆಯಾಗಿದ್ದಾರೆ. ಜ್ಯೂರಿಗಳು ಅದೇ ಸೀಮೆಯವರು. ಆರೋಪಿ ಹಸಿವಿಗೆ ಕದ್ದನೋ ಕಳವೇ ಅವನ ಕಸುಬೋ ಅವರಿಗೆ ಗೊತ್ತಿರುತ್ತಿತ್ತು. ನೇಣಿಗೂ ಬಿಡುಗಡೆಗೂ ನಡುವೆ ಬೇರೆ ದಾರಿಯಿಲ್ಲದಾಗ ಅವರು ಬಿಡುಗಡೆಯತ್ತ ವಾಲಿದರು, ಕೆಲವೊಮ್ಮೆ ಕದ್ದ ಮಾಲಿನ ಬೆಲೆಯನ್ನೇ 12 ಪೆನ್ಸಿಗಿಂತ ಕೆಳಗಿಳಿಸಿದರು. ಕಾನೂನಿನ ಕಾಠಿಣ್ಯವನ್ನು ನೆರೆಹೊರೆಯವರೇ ತಗ್ಗಿಸಿದರೆಂದು ನಾನು ಓದಿಕೊಳ್ಳುತ್ತೇನೆ. ಊರಿಗೆ ಹೊಸಬರಾದವರಿಗೆ ಆ ಆಸರೆ ಕಡಿಮೆಯಿತ್ತು ಎಂಬುದನ್ನೂ ಸೇರಿಸಿ ಬರೆಯಿರಿ.

ಸಣ್ಣ ಅಪರಾಧಗಳಿಗೆ ಅವಮಾನವೇ ಶಿಕ್ಷೆ. ಉದಾಹರಣೆಗೆ 1327ರ ಲಂಡನ್ನಿನ ಒಂದು ಪ್ರಕರಣವನ್ನು ಬರೆಯಿರಿ. ರೊಟ್ಟಿ ಸುಡಿಸಿಕೊಳ್ಳಲು ನೆರೆಯವರು ತಂದ ಹಿಟ್ಟನ್ನು ಜಾನ್ ಬ್ರಿಡ್ ಎಂಬ ಬೇಕರಿಯವನು ತನ್ನ ಮೇಜಿನ ಮೇಲಿಡುತ್ತಿದ್ದ. ಮೇಜಿನಲ್ಲಿ ಒಂದು ರಂಧ್ರ, ಅದರ ಕೆಳಗೆ ಅವನ ಮನೆಯಾಳು. ಹಿಟ್ಟಿನ ಯಜಮಾನರು ನೋಡುತ್ತ ನಿಂತಿದ್ದಂತೆಯೇ ಆಳು ಕೆಳಗಿನಿಂದ ಚೂರುಚೂರಾಗಿ ಹಿಟ್ಟು ಕೀಳುತ್ತಿದ್ದ. ಇನ್ನೂ ಹಲವು ಬೇಕರಿಗಳಲ್ಲಿ ಇದೇ ಮೋಸ ಬಯಲಾಯಿತು. ಮೇಜಿನಡಿ ಹಿಟ್ಟು ಸಿಕ್ಕವರ ಕೊರಳಿಗೆ ಅದೇ ಹಿಟ್ಟನ್ನು ತೂಗುಹಾಕಿ ಪಿಲರಿಯ ಮರದ ಚೌಕಟ್ಟಿನಲ್ಲಿ ನಿಲ್ಲಿಸಿದರು.

ನೇಣು ತಪ್ಪಿಸಿಕೊಳ್ಳಲು ಚರ್ಚಿನ ದಾರಿಗಳೂ ಇದ್ದವು. ಪಾದ್ರಿಯಾದವನನ್ನು ರಾಜನ ನ್ಯಾಯಾಲಯ ನೇಣಿಗೇರಿಸುತ್ತಿರಲಿಲ್ಲ. ಪಾದ್ರಿಯೆಂದು ತೋರಿಸಿಕೊಳ್ಳಲು ಬೈಬಲಿನಿಂದ ಓದಿದರೆ ಸಾಕಾಗುತ್ತಿತ್ತು. ಅದು ಸಾಮಾನ್ಯವಾಗಿ 51ನೇ ಕೀರ್ತನೆಯ ಮೊದಲ ಸಾಲು. ಬಾಯಿಪಾಠ ಮಾಡಿದವರೂ ಬದುಕಿಕೊಂಡರು. ಅದಕ್ಕೇ 1489ರಿಂದ, ಪಾದ್ರಿಯಲ್ಲದವರು ಈ ರಿಯಾಯಿತಿಯನ್ನು ಎರಡನೇ ಬಾರಿ ಪಡೆಯದಂತೆ ಹೆಬ್ಬೆರಳಿಗೆ ಬರೆ ಹಾಕತೊಡಗಿದರು.

ಇನ್ನೊಂದು ದಾರಿ ಚರ್ಚಿನೊಳಗೆ ಓಡಿಹೋಗಿ ಆಶ್ರಯ ಪಡೆಯುವುದು. ಅಲ್ಲಿ 40 ದಿನ ಅವನನ್ನು ಯಾರೂ ಮುಟ್ಟುವಂತಿಲ್ಲ. ಅಷ್ಟರೊಳಗೆ ಕರೋನರ್ ಮುಂದೆ ತಪ್ಪೊಪ್ಪಿಕೊಂಡು, ದೇಶ ಬಿಡುವುದಾಗಿ ಪ್ರಮಾಣ ಮಾಡಬೇಕು. ಕೈಯಲ್ಲಿ ಶಿಲುಬೆ ಹಿಡಿದು, ಹೆದ್ದಾರಿ ಬಿಟ್ಟು ಅತ್ತಿತ್ತ ಕದಲದೆ, ಹೇಳಿದ ಬಂದರಿಗೆ ನಡೆಯಬೇಕು. ಅಲ್ಲಿ ಹಡಗು ಸಿಗದಿದ್ದರೆ ದಿನವೂ ಮೊಣಕಾಲುದ್ದದ ಸಮುದ್ರಕ್ಕಿಳಿದು, ದಾಟಿಹೋಗಲು ತಾನು ಸಿದ್ಧನಿದ್ದೇನೆಂದು ತೋರಿಸುತ್ತ ಕಾಯಬೇಕಿತ್ತು.