ಒಂದು ಹನಿ ಪೆಟ್ರೋಲಿನ ಲೆಕ್ಕ: ಹಳೆ ಬೈಕಿನ ಇಸಿಯು ರೀಮ್ಯಾಪಿಂಗ್

2017ರಿಂದ 2019ರವರೆಗೆ ಮಾರಾಟವಾದ, ಬಿಎಸ್4 ಎಂಬ ಹಿಂದಿನ ಹೊಗೆ ನಿಯಮದ ಕೆಟಿಎಂ ಡ್ಯೂಕ್ 390 ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳವಾಗಿ ಸಿಗುತ್ತದೆ. 373.2 ಸಿಸಿಯ ಒಂದೇ ಸಿಲಿಂಡರ್, 9,000 ಆರ್‌ಪಿಎಂನಲ್ಲಿ 43.5 ಪಿಎಸ್. ಕೊಂಡವರು ಮೊದಲು ಕೇಳುವುದು, ರೀಮ್ಯಾಪ್ ಮಾಡಿಸಿದರೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿನಲ್ಲಿರುವ ಅಂಕಿಗಳ ಕೋಷ್ಟಕವನ್ನು (ಮ್ಯಾಪ್) ತಿದ್ದಿಸಿದರೆ, ಪವರ್ ಎಷ್ಟು ಹೆಚ್ಚುತ್ತದೆ ಎಂದು. ಸೈಲೆನ್ಸರ್, ಏರ್ ಫಿಲ್ಟರ್ ಎರಡೂ ಕಂಪನಿಯವೇ ಆಗಿದ್ದರೆ ಗರಿಷ್ಠ ಪವರ್ ನೂರಕ್ಕೆ ನಾಲ್ಕೈದು ಹೆಚ್ಚಿದರೂ ಬಹಳವಾಯಿತು. ಇಸಿಯು ಎಂಬ ಕಂಪ್ಯೂಟರ್‌ ಕೈಯಲ್ಲಿರುವವುಗಳಲ್ಲಿ ರೀಮ್ಯಾಪ್ ಮುಖ್ಯವಾಗಿ ತಿದ್ದುವುದು ಎರಡನ್ನೇ: ಎಷ್ಟು ಪೆಟ್ರೋಲ್ ಸಿಂಪಡಿಸಬೇಕು, ಯಾವಾಗ ಕಿಡಿ ಹಾರಿಸಬೇಕು. ಥ್ರಾಟಲ್ ಪೂರ್ತಿ ತೆರೆದ ಮೇಲೆ ಇಂಜಿನ್ ಎಳೆದುಕೊಳ್ಳುವ ಗಾಳಿಯನ್ನು ಸಾಫ್ಟ್‌ವೇರ್ ಹೆಚ್ಚಿಸಲಾರದು. ಹಾಗಿದ್ದೂ ಹಳೆ ಬೈಕಿಗೆ ರೀಮ್ಯಾಪ್ ಬೇಕಾಗುವ ಗಟ್ಟಿ ಕಾರಣವೊಂದಿದೆ. ಬೈಕ್ ಅದೇ ಇದ್ದರೂ ಬಂಕಿನಲ್ಲಿ ಸಿಗುವ ಪೆಟ್ರೋಲ್ ಬದಲಾಗಿದೆ.

ಲೆಕ್ಕ ಹಾಕಿ ನೋಡೋಣ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಸಿಲಿಂಡರ್ ತುಂಬ ಗಾಳಿ ಬರುತ್ತದೆ ಎಂದುಕೊಳ್ಳಿ. 25 ಡಿಗ್ರಿ ಉಷ್ಣಾಂಶದಲ್ಲಿ, ಸಮುದ್ರಮಟ್ಟದ ಮಂಗಳೂರಿನಲ್ಲಿ ಆ ಗಾಳಿಯ ತೂಕ ಸುಮಾರು 0.44 ಗ್ರಾಂ. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳು, ಹಾಗಾಗಿ 0.40 ಗ್ರಾಂ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತನ್ನ 14.7 ಪಟ್ಟು ತೂಕದ ಗಾಳಿ ಬೇಕು. ಈ ಸರಿಯಾದ ಅನುಪಾತವನ್ನು ಲ್ಯಾಂಬ್ಡಾ 1 ಎನ್ನುತ್ತಾರೆ. ಪೂರ್ತಿ ಪವರ್ ಬೇಕೆಂದರೆ ಸ್ವಲ್ಪ ರಿಚ್ (ಗಾಳಿಯ ಲೆಕ್ಕಕ್ಕಿಂತ ಪೆಟ್ರೋಲ್ ಹೆಚ್ಚು) ಇರಬೇಕು, ಲ್ಯಾಂಬ್ಡಾ 0.86ರಿಂದ 0.90ರೊಳಗೆ. 0.88 ಇಟ್ಟುಕೊಂಡರೆ ಬೆಂಗಳೂರಿನಲ್ಲಿ ಪ್ರತಿ ಸಿಡಿತಕ್ಕೆ ಬೇಕಾಗುವ ಪೆಟ್ರೋಲ್ ಸುಮಾರು 31 ಮಿಲಿಗ್ರಾಂ, ಅಂದರೆ ಒಂದು ಹನಿಗಿಂತಲೂ ಕಡಿಮೆ.

ಈಗ ಬಂಕಿನಲ್ಲಿ ಸಿಗುವ, ಶೇ. 20 ಎಥನಾಲ್ ಇರುವ ಇ20ಗೆ 14.7ರ ಬದಲು ಸುಮಾರು 13.5 ಪಟ್ಟು ಗಾಳಿ ಸಾಕು, ಏಕೆಂದರೆ ಎಥನಾಲ್ ತನ್ನೊಳಗೇ ಆಕ್ಸಿಜನ್ ಹೊತ್ತು ತರುತ್ತದೆ. ಅಷ್ಟೇ ಗಾಳಿಗೆ ಈಗ 33ರಿಂದ 34 ಮಿಲಿಗ್ರಾಂ ಇಂಧನ ಬೇಕು. ನಿಧಾನವಾಗಿ, ಒಂದೇ ವೇಗದಲ್ಲಿ ಹೋಗುವಾಗ ಆಕ್ಸಿಜನ್ ಸೆನ್ಸರ್ ಈ ಕೊರತೆಯನ್ನು ಕಂಡುಹಿಡಿದು ಇಸಿಯುಗೆ ತಿಳಿಸುತ್ತದೆ, ಇಸಿಯು ಸರಿಪಡಿಸುತ್ತದೆ. ಆದರೆ ಬೈಕಿನ ಮಾಮೂಲಿ ಸೆನ್ಸರ್‌ಗೆ ಗೊತ್ತಾಗುವುದು ಲ್ಯಾಂಬ್ಡಾ 1ಕ್ಕಿಂತ ಈಚೆಯೋ ಆಚೆಯೋ ಎಂಬುದು ಮಾತ್ರ. ಪೂರ್ತಿ ಥ್ರಾಟಲ್‌ನಲ್ಲಿ ಇಸಿಯು ಅದರ ಮಾತು ಕೇಳದೆ ತನ್ನ ಮ್ಯಾಪ್‌ನಲ್ಲಿರುವ ಅಂಕಿಯನ್ನೇ ನಂಬುತ್ತದೆ. ಶುದ್ಧ ಪೆಟ್ರೋಲಿಗೆ 0.88 ಎಂದು ಬರೆದ ಮ್ಯಾಪ್ ಇ20ಯಲ್ಲಿ 0.96ರ ಹತ್ತಿರಕ್ಕೆ ಬರುತ್ತದೆ. ಇ10 (ಶೇ. 10 ಎಥನಾಲ್) ಲೆಕ್ಕದಲ್ಲಿ ಬರೆದಿದ್ದರೂ 0.92 ಆಸುಪಾಸು. ಇಂಜಿನ್ ಲೀನ್ ಆಗಿ, ಅಂದರೆ ಬೇಕಾದಷ್ಟು ಇಂಧನ ಸಿಗದೆ ಓಡುತ್ತದೆ, ಬಿಸಿ ಹೆಚ್ಚುತ್ತದೆ, ಪಿಕಪ್ ಮಂಕಾಗುತ್ತದೆ. ಹಳೆ ಬೈಕಿನ ರೀಮ್ಯಾಪ್‌ನಲ್ಲಿ ಮೊದಲು ಸರಿಮಾಡಬೇಕಾದದ್ದು ಇದನ್ನು. ಹಳೆಯ ರಬ್ಬರ್ ಪೈಪು, ಸೀಲುಗಳಿಗೆ ಎಥನಾಲ್‌ನಿಂದ ಆಗುವ ಹಾನಿಗೆ ಮಾತ್ರ ಇದು ಮದ್ದಲ್ಲ. ಅವನ್ನು ಬದಲಿಸಲೇಬೇಕು.

ಲ್ಯಾಪ್‌ಟಾಪ್ ತೆರೆಯುವ ಮುಂಚೆ ಇಂಜಿನ್ ನೆಟ್ಟಗಿರಬೇಕು. ಟ್ಯಾಪೆಟ್ ಕ್ಲಿಯರೆನ್ಸ್ ಸರ್ವಿಸ್ ಮ್ಯಾನ್ಯುಯಲ್‌ನ ಅಳತೆಗೆ ತನ್ನಿ, ಹೊಸ ಸ್ಪಾರ್ಕ್ ಪ್ಲಗ್ ಮತ್ತು ಏರ್ ಫಿಲ್ಟರ್ ಹಾಕಿ, ಥ್ರಾಟಲ್ ಬಾಡಿ ತೊಳೆಯಿರಿ, ಫ್ಯೂಯಲ್ ಪ್ರೆಷರ್ ಅಳೆಯಿರಿ. ಪಂಪ್ ಸೊರಗಿದ್ದರೆ ಅಥವಾ ಫ್ಯೂಯಲ್ ಫಿಲ್ಟರ್ ಕಟ್ಟಿದ್ದರೆ ಮೇಲಿನ ಆರ್‌ಪಿಎಂನಲ್ಲಿ ಇಂಧನ ಸಾಲದೆ ಹೋಗುತ್ತದೆ. ಅದನ್ನು ಮ್ಯಾಪ್‌ನಲ್ಲಿ ಅಂಕಿ ಏರಿಸಿ ಮುಚ್ಚಿದರೆ, ಮುಂದೆ ಪಂಪ್ ಬದಲಿಸಿದ ದಿನ ಬೈಕ್ ಕಪ್ಪು ಹೊಗೆ ಉಗುಳುತ್ತದೆ. ಇಂಜಿನ್ನಿನಿಂದ ಹೊಗೆ ಹೊರತರುವ ಬೆಂಡ್ ಪೈಪ್ ಕೂಡುವಲ್ಲಿ ಸಣ್ಣ ಸೋರಿಕೆ ಇದ್ದರೂ ಹೊರಗಿನ ಗಾಳಿ ಒಳಸೇರಿ, ಲೀನ್ ಅಲ್ಲದಿದ್ದರೂ ಸೆನ್ಸರ್ ಲೀನ್ ಎನ್ನುತ್ತದೆ. ಟ್ಯೂನಿಂಗ್ ಹಾಳಾಗಲು ನಾವು ಕಂಡಂತೆ ಅತಿ ಸಾಮಾನ್ಯ ಕಾರಣ ಇದೇ.

ಅಳೆಯಲು, ಲ್ಯಾಂಬ್ಡಾ ಎಷ್ಟೆಂದು ಅಂಕಿಯಲ್ಲೇ ಹೇಳುವ ವೈಡ್‌ಬ್ಯಾಂಡ್ ಸೆನ್ಸರ್ ಬೇಕು, ಬಾಷ್ ಎಲ್‌ಎಸ್‌ಯು 4.9 ತರಹದ್ದು. ಬೆಂಡ್ ಪೈಪಿಗೆ, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂಚೆ, 18 ಮಿ.ಮೀ. ಥ್ರೆಡ್ಡಿನ ಬುಶ್ ವೆಲ್ಡ್ ಮಾಡಿಸಬೇಕು. ಸೆನ್ಸರ್ ಅಡ್ಡಡ್ಡ ಕೂರದೆ ಕನಿಷ್ಠ 10 ಡಿಗ್ರಿ ಮೇಲಕ್ಕೆ ವಾಲಿರಲಿ, ಇಲ್ಲವಾದರೆ ಹೊಗೆಯ ನೀರು ನಿಂತು ಬಿಸಿ ಸೆರಾಮಿಕ್ ಬಿರಿಯುತ್ತದೆ. ಮೀಟರ್ ಅನುಪಾತವನ್ನು 14.7 ಎಂಬಂಥ ಅಂಕಿಯಲ್ಲಿ ತೋರಿಸುವ ಮಾದರಿಯಾದರೆ ಅದನ್ನು ಲ್ಯಾಂಬ್ಡಾಗೆ ಬದಲಿಸಿಕೊಳ್ಳಿ. ಇಂಧನ ಯಾವುದಾದರೂ ಲ್ಯಾಂಬ್ಡಾ ಲೆಕ್ಕ ತಪ್ಪುವುದಿಲ್ಲ.

ಮ್ಯಾಪ್ ಬದಲಿಸಲು ಎರಡು ದಾರಿ. ಇಸಿಯುವಿನ ಒಳಗಿನ ಫೈಲನ್ನೇ ತಿದ್ದಿ ಬರೆಯುವುದು (ಫ್ಲಾಶ್) ಒಂದು. ಇನ್ನೊಂದು, ಇಸಿಯು ಮತ್ತು ಇಂಜೆಕ್ಟರ್ ನಡುವೆ ಸಂಕೇತವನ್ನು ತಿದ್ದುವ ಪಿಗ್ಗಿಬ್ಯಾಕ್ ಎಂಬ ಪೆಟ್ಟಿಗೆ ಕೂರಿಸುವುದು. ಬೆಂಗಳೂರಿನಲ್ಲೇ ತಯಾರಾಗುವ ಪವರ್‌ಟ್ರಾನಿಕ್ ಈ ಜಾತಿಯದು. ಮಾರುವಾಗ ಬಿಚ್ಚಿಟ್ಟುಕೊಳ್ಳಬಹುದು ಎಂಬುದು ಅದರ ಅನುಕೂಲ. ಫ್ಲಾಶ್ ಮಾಡುವುದಾದರೆ ಮೂಲ ಫೈಲ್ ಓದಿ ಎರಡು ಕಡೆ ಉಳಿಸಿ, ಮ್ಯಾಪ್ ಯಾವುದೆಂದು ಗುರುತಿಸುವ ಕ್ಯಾಲಿಬ್ರೇಷನ್ ನಂಬರ್ ಬರೆದಿಟ್ಟುಕೊಳ್ಳಿ. ಬರೆಯುವಾಗ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿರಲೇಬೇಕು. ಅರ್ಧದಲ್ಲಿ ವೋಲ್ಟೇಜ್ ಕುಸಿದರೆ ಇಸಿಯು ಸತ್ತುಹೋಗುತ್ತದೆ. ಆಮೇಲೆ ಅದನ್ನು ಬಿಚ್ಚಿ ಬೆಂಚ್ ಮೇಲಿಟ್ಟೇ ಬದುಕಿಸಬೇಕು, ಬದುಕಿದರೆ.

ಇಂಧನದ ಕೋಷ್ಟಕದಲ್ಲಿ ಒಂದು ಬದಿಗೆ ಆರ್‌ಪಿಎಂ, ಇನ್ನೊಂದು ಬದಿಗೆ ಥ್ರಾಟಲ್ ಅಥವಾ ಮ್ಯಾನಿಫೋಲ್ಡ್ ಒತ್ತಡ. ಪವರ್ ಅಳೆಯುವ ಡೈನೋ ಯಂತ್ರದ ಮೇಲೆ, ಫ್ಯಾನ್ ಹಚ್ಚಿ, ಇಂಜಿನ್ ಬಿಸಿಯಾದ ಮೇಲೆ ಒಂದೊಂದು ಕೋಶವನ್ನೂ ಹಿಡಿದು ನಿಲ್ಲಿಸಿ ಲ್ಯಾಂಬ್ಡಾ ಓದಬೇಕು. ಒಂದು ಸಲಕ್ಕೆ ಶೇ. 2ಕ್ಕಿಂತ ಹೆಚ್ಚು ತಿದ್ದಬೇಡಿ. ಟ್ರಾಫಿಕ್‌ನಲ್ಲಿ 3,000 ಆರ್‌ಪಿಎಂ ಸುತ್ತಮುತ್ತ ಬೈಕ್ ಎಳೆದೆಳೆದು ಜಗ್ಗುವುದು ಸಣ್ಣ ಥ್ರಾಟಲ್‌ನ ಕೋಶಗಳು ತೀರಾ ಲೀನ್ ಇರುವುದರಿಂದ. ಆ ಕೋಶಗಳನ್ನು ತಿದ್ದಿದಾಗ ಸಿಗುವ ನಯ, ದಿನಾ ಓಡಿಸುವವರಿಗೆ ತುದಿಯ ಎರಡು ಪಿಎಸ್‌ಗಿಂತ ದೊಡ್ಡ ಲಾಭ. ಅಂದಹಾಗೆ, ಡೈನೋ ತೋರಿಸುವುದು ಹಿಂದಿನ ಚಕ್ರದ ಪವರ್. ಅದು ಕಂಪನಿ ಹೇಳಿದ್ದಕ್ಕಿಂತ ಶೇ. 10ರಿಂದ 15 ಕಡಿಮೆ ಇದ್ದರೆ ಗಾಬರಿ ಬೇಡ.

ಕಿಡಿಯ ಸಮಯ ಇನ್ನೂ ಸೂಕ್ಷ್ಮ. 6,000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ತಿರುಗಲು ಹಿಡಿಯುವುದು ಸೆಕೆಂಡಿನ 36,000ದಲ್ಲಿ ಒಂದು ಭಾಗ. ಒಂದೊಂದೇ ಡಿಗ್ರಿ ಮುಂದಕ್ಕೆ ತರುತ್ತ ಹೋಗಿ. ಟಾರ್ಕ್ ಏರುವುದು ನಿಂತ ಕೂಡಲೇ ಒಂದೆರಡು ಡಿಗ್ರಿ ಹಿಂದಕ್ಕೆ ಬನ್ನಿ. ಕಂಪ್ರೆಷನ್ 12ಕ್ಕೂ ಮೇಲಿರುವ ಇಂಥ ಇಂಜಿನ್, ಅದೂ ಒಳಗೆ ಕಾರ್ಬನ್ ಕಟ್ಟಿದ ಹಳೆಯದು, ಕಡಿಮೆ ಆಕ್ಟೇನ್ ಪೆಟ್ರೋಲಿಗೆ ಬೇಗ ನಾಕ್ ಆಗುತ್ತದೆ, ಅಂದರೆ ಇಂಧನ ಹತೋಟಿ ತಪ್ಪಿ ಸಿಡಿದು ಕಟಕಟ ಸದ್ದು ಬರುತ್ತದೆ. ಹೆಲ್ಮೆಟ್‌ನೊಳಗೆ ಆ ಸದ್ದು ಕೇಳುವಷ್ಟರಲ್ಲಿ ಪಿಸ್ಟನ್‌ಗೆ ಪೆಟ್ಟು ಬಿದ್ದಿರುತ್ತದೆ. ಹಾಗಾಗಿ ನಿಮಗೆ ದಿನಾ ಸಿಗುವ ಪೆಟ್ರೋಲ್ ಹಾಕಿಯೇ ಟ್ಯೂನ್ ಮಾಡಿಸಿ. 99 ಆಕ್ಟೇನ್‌ಗೆ ಬರೆದ ಮ್ಯಾಪ್ ಹೊತ್ತು ಹಳ್ಳಿ ಬಂಕಿಗೆ ಹೋಗುವುದು ಅಪಾಯ.

ಕಟಾಫ್ (ಇಂಜಿನ್ ಮೀರದಂತೆ ಇಟ್ಟ ಆರ್‌ಪಿಎಂ ಮಿತಿ) ಏರಿಸಿಕೊಡುತ್ತೇವೆ ಎನ್ನುವವರಿಗೆ ಬೇಡ ಎನ್ನಿ. 10,000 ಇದ್ದದ್ದನ್ನು 10,500 ಮಾಡಿದರೆ ಪಿಸ್ಟನ್, ಕನೆಕ್ಟಿಂಗ್ ರಾಡ್ ಮೇಲಿನ ಜಡತ್ವದ ಬಲ ಶೇ. 10 ಹೆಚ್ಚುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪವರ್ ಅಷ್ಟರಲ್ಲಾಗಲೇ 9,000ದಲ್ಲಿ ತುದಿ ಮುಟ್ಟಿ ಇಳಿಯತೊಡಗಿರುತ್ತದೆ. ಬೇರೆ ಬೈಕಿಗೆ ಬರೆದ ‘ಸ್ಟೇಜ್ 1’ ಫೈಲ್ ತಂದು ಹಾಕಿಸುವುದೂ ಇದೇ ಸಾಲಿನ ತಪ್ಪು. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿದರೆ ಎಮಿಷನ್ ಟೆಸ್ಟ್ ಪಾಸಾಗುವುದು ಕಷ್ಟ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.

ಕೊಳ್ಳುವ ಬೈಕನ್ನು ಹಿಂದಿನವರೇ ರೀಮ್ಯಾಪ್ ಮಾಡಿಸಿರಲೂಬಹುದು. ಆಕ್ಸಿಜನ್ ಸೆನ್ಸರ್‌ ಜಾಗದಲ್ಲಿ ಬೋಲ್ಟ್ ಇದ್ದರೆ, ಅದರ ಕನೆಕ್ಟರ್‌ಗೆ ಪುಟ್ಟ ರೆಸಿಸ್ಟರ್ ಸಿಕ್ಕಿಸಿದ್ದರೆ, ಸೈಲೆನ್ಸರ್ ತುದಿಯಲ್ಲಿ ಒಣ ಮಸಿ ಕೂತಿದ್ದರೆ ಅನುಮಾನಿಸಿ. ಸ್ಕ್ಯಾನರ್ ತೋರಿಸುವ ಕ್ಯಾಲಿಬ್ರೇಷನ್ ನಂಬರನ್ನು ಆ ವರ್ಷದ ಮಾಡೆಲ್‌ನೊಂದಿಗೆ ತಾಳೆ ನೋಡಿ. ಗೊತ್ತಿಲ್ಲದ ಮ್ಯಾಪ್ ಮೇಲೆ ಇನ್ನೊಂದು ಮ್ಯಾಪ್ ಕಟ್ಟಬೇಡಿ. ಮೊದಲು ಕಂಪನಿಯ ಫೈಲ್ ಹಾಕಿಸಿ, ಕಳಚಿದ ಸೆನ್ಸರ್ ವಾಪಸ್ ಕೂರಿಸಿ.

ಹೊಸ ಮ್ಯಾಪ್ ಬಂದು 500 ಕಿ.ಮೀ. ಓಡಿದ ಮೇಲೆ ಪ್ಲಗ್ ಬಿಚ್ಚಿ ನೋಡಿ, ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ ಓದಿ. ಇಸಿಯು ತಾನಾಗಿ ಕೂಡಿಸುವುದು ಕಳೆಯುವುದು ಶೇ. 5ರೊಳಗಿದ್ದರೆ ಕೋಷ್ಟಕ ಸರಿಯಿದೆ. ಅದನ್ನು ಮೀರಿದ್ದರೆ ಬೆಂಡ್ ಪೈಪಿನ ಸೋರಿಕೆಯಿಂದ ಮತ್ತೆ ಹುಡುಕಲು ಶುರುಮಾಡಿ.